ಶುಗರ್, ಎಐ ಮತ್ತು ನಮ್ಮ ಮಿನಿ ಪ್ರಾಜೆಕ್ಟ್



ಮಿನಿ ಪ್ರಾಜೆಕ್ಟ್‌ಗೆ ಟೈಟಲ್ ಕೊಡುವ ಕಾಲ ಬಂದರೆ ಸಾಕು, ಪ್ರತಿ ಬ್ಯಾಚಿನಲ್ಲೂ ಒಂದೆರಡು ಟೀಮ್ ಆದರೂ 'ಮೆಷಿನ್ ಲರ್ನಿಂಗ್ ಬಳಸಿ ಮಧುಮೇಹ ಪತ್ತೆ' ಅಂತ ಬರೆದುಕೊಡುತ್ತೆ. ಕಾರಣ ಎಲ್ಲರಿಗೂ ಗೊತ್ತು. ಡೇಟಾ ಸುಲಭವಾಗಿ ಸಿಗುತ್ತೆ, ಕೋಡ್ ಅದಕ್ಕಿಂತ ಸುಲಭವಾಗಿ ಸಿಗುತ್ತೆ, ವೈವಾದಲ್ಲಿ ಕೇಳಿದರೆ 'ಸಮಾಜಕ್ಕೆ ಉಪಯೋಗ' ಅಂತ ಹೇಳಬಹುದು. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲ್ಲ: ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರೆ ನಿಮಿಷದೊಳಗೆ ಶುಗರ್ ಎಷ್ಟಿದೆ ಅಂತ ಗೊತ್ತಾಗುವಾಗ, ಪತ್ತೆ ಮಾಡೋಕೆ ಎಐ ಯಾಕೆ ಬೇಕು?

ಇದು ಕುಹಕದ ಪ್ರಶ್ನೆ ಅಲ್ಲ. ಉತ್ತರ ಹುಡುಕಿಕೊಂಡು ಹೋದರೆ ಎಐ ಎಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತೆ, ಎಲ್ಲಿ ಬರೀ ಪಿಪಿಟಿಗೆ ಮಾತ್ರ ಚೆನ್ನಾಗಿ ಕಾಣುತ್ತೆ ಅನ್ನೋದು ತಿಳಿಯುತ್ತೆ. ಆ ದಾರಿಯಲ್ಲಿ ಈ ಲೇಖನದಲ್ಲಿ ಒಟ್ಟಿಗೆ ನಡೆಯೋಣ. ಗಣಿತ ಸ್ವಲ್ಪ ಇದೆ, ಆದರೆ ಎಲ್ಲವೂ ಕೂಡಿಸಿ ಕಳೆಯುವಷ್ಟೇ.

ಮೊದಲು ಕಾಯಿಲೆ ಏನು ಅಂತ ನೋಡೋಣ

ನಾವು ತಿಂದ ಅನ್ನ, ಮುದ್ದೆ, ಚಪಾತಿ ಎಲ್ಲವೂ ಜೀರ್ಣವಾಗಿ ಬಹುಪಾಲು ಗ್ಲೂಕೋಸ್ ಆಗುತ್ತೆ. ಅದು ರಕ್ತದಿಂದ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳ ಒಳಗೆ ಹೋಗಬೇಕಾದರೆ ಇನ್ಸುಲಿನ್ ಅನ್ನೋ ಹಾರ್ಮೋನ್ ಬೇಕು. ಮೇದೋಜೀರಕ ಗ್ರಂಥಿ ಇನ್ಸುಲಿನ್ ಮಾಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದರೆ ಅದು ಟೈಪ್ 1. ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಸರಿಯಾಗಿ ಕೇಳದೇ ಹೋಗಿ, ನಿಧಾನಕ್ಕೆ ಗ್ರಂಥಿಯೂ ದಣಿದರೆ ಅದು ಟೈಪ್ 2. ನಮ್ಮ ಮನೆಗಳಲ್ಲಿ 'ಅಪ್ಪನಿಗೆ ಶುಗರ್ ಇದೆ' ಅನ್ನೋದು ಸಾಮಾನ್ಯವಾಗಿ ಎರಡನೆಯದು.

ಪತ್ತೆಗೆ ಗೆರೆಗಳು ಸ್ಪಷ್ಟವಾಗಿವೆ. ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಗ್ಲೂಕೋಸ್ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹ. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 200 ಅಥವಾ ಹೆಚ್ಚು ಬಂದರೆ ಮಧುಮೇಹ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಶೇಕಡಾ ಅಥವಾ ಹೆಚ್ಚು ಬಂದರೂ ಮಧುಮೇಹ. (ಈ ಲೇಖನದಲ್ಲಿ ಗ್ಲೂಕೋಸ್ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಅನ್ನೋ ಲೆಕ್ಕ.) ಲಕ್ಷಣ ಏನೂ ಇಲ್ಲದಿದ್ದರೆ ಇನ್ನೊಂದು ಸಲ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ.

ಅಂದರೆ ಪತ್ತೆ ಮಾಡೋದು ಕಷ್ಟವೇ ಅಲ್ಲ. ಕಷ್ಟ ಬೇರೆ ಕಡೆ ಇದೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ, ಅಂದರೆ ವಯಸ್ಕರಲ್ಲಿ 11.4 ಶೇಕಡಾ. ಇನ್ನೂ 13.6 ಕೋಟಿ ಜನ ಗಡಿಯಲ್ಲಿದ್ದಾರೆ. ಟೈಪ್ 2 ಬಂದಾಗ ನೋವಿರಲ್ಲ, ಜ್ವರ ಬರಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಕಣ್ಣು, ಕಿಡ್ನಿ, ನರ, ಹೃದಯವನ್ನು ಹಾಳು ಮಾಡುತ್ತೆ. ಹಾಗಾಗಿ ನಿಜವಾದ ಎಂಜಿನಿಯರಿಂಗ್ ಪ್ರಶ್ನೆಗಳು ಮೂರು. ಇಷ್ಟು ಜನರಲ್ಲಿ ಯಾರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು? ಕಾಯಿಲೆ ಇರುವವರಲ್ಲಿ ಅಂಗಾಂಗ ಹಾನಿಯನ್ನು ಬೇಗ ಹೇಗೆ ಕಂಡುಹಿಡಿಯಬೇಕು? ದಿನದ 24 ಗಂಟೆಯೂ ಶುಗರ್ ಹತೋಟಿಯಲ್ಲಿ ಇಡೋದು ಹೇಗೆ?

ಆ ಪ್ರಸಿದ್ಧ ಡೇಟಾಸೆಟ್ ಒಳಗೆ ಏನಿದೆ?

ಮಿನಿ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಿನವು ಬಳಸೋದು 'ಪೀಮಾ ಇಂಡಿಯನ್ಸ್ ಡಯಾಬಿಟಿಸ್' ಡೇಟಾಸೆಟ್. 768 ಸಾಲು, 8 ಕಾಲಮ್, ಕೊನೆಗೆ 0 ಅಥವಾ 1. 'ಇಂಡಿಯನ್ಸ್' ಅಂತ ನೋಡಿ ನಮ್ಮ ದೇಶದವರು ಅಂದುಕೊಳ್ಳುವವರೂ ಇದ್ದಾರೆ. ಅಲ್ಲ. ಪೀಮಾ ಅನ್ನೋದು ಅಮೆರಿಕದ ಅರಿಜೋನಾದಲ್ಲಿ ಗೀಲಾ ನದಿಯ ದಡದಲ್ಲಿ ವಾಸಿಸುವ ಮೂಲನಿವಾಸಿ ಜನಾಂಗ. ಅವರು ತಮ್ಮನ್ನು ಕರೆದುಕೊಳ್ಳೋದು 'ಅಕಿಮೆಲ್ ಓಓದಮ್' ಅಂತ, ಅಂದರೆ ನದಿಯ ಜನ. ಡೇಟಾದಲ್ಲಿ ಇರುವವರೆಲ್ಲ 21 ವರ್ಷ ತುಂಬಿದ ಹೆಂಗಸರು. ಅದಕ್ಕೇ ಮೊದಲ ಕಾಲಮ್ ಎಷ್ಟು ಸಲ ಗರ್ಭಿಣಿಯಾಗಿದ್ದರು ಅನ್ನೋದು.

ಈಗ ಆ ಫೈಲ್ ತೆರೆದು ಒಂದು ಚಿಕ್ಕ ಕೆಲಸ ಮಾಡಿ. ಗ್ಲೂಕೋಸ್ ಕಾಲಮ್ಮಿನ ಗರಿಷ್ಠ ಬೆಲೆ ನೋಡಿ. 199 ಬರುತ್ತೆ. ಅದು ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದಮೇಲಿನ ಅಂಕಿ. ಮಧುಮೇಹದ ಗೆರೆ ಎಷ್ಟು ಅಂತ ಮೇಲೆ ಹೇಳಿದ್ದೆವು? 200. ಅಂದರೆ ಪರೀಕ್ಷೆ ಮಾಡಿದ ದಿನ ಈ 768 ಜನರಲ್ಲಿ ಒಬ್ಬರೂ ಆ ಗೆರೆ ದಾಟಿರಲಿಲ್ಲ! ಹಾಗಾದರೆ 268 ಜನರ ಮುಂದೆ 1 ಅಂತ ಯಾಕಿದೆ?

ಯಾಕಂದರೆ ಅದು 'ಈಗ ಕಾಯಿಲೆ ಇದೆ' ಅನ್ನೋ ಲೇಬಲ್ ಅಲ್ಲ, 'ಮುಂದಿನ ಐದು ವರ್ಷದೊಳಗೆ ಬಂತು' ಅನ್ನೋ ಲೇಬಲ್. 1988ರಲ್ಲಿ ಈ ಡೇಟಾವನ್ನು ಬಳಸಿ ಪ್ರಬಂಧ ಬರೆದವರು ಮಾಡಲು ಹೊರಟಿದ್ದು ಮುನ್ಸೂಚನೆ. ಪರೀಕ್ಷೆಯಾಗಿ ಒಂದೇ ವರ್ಷದೊಳಗೆ ಕಾಯಿಲೆ ಬಂದವರ ದಾಖಲೆಯನ್ನೂ ಅವರು ಬಿಟ್ಟರು, ಯಾಕಂದರೆ ಅಂಥವನ್ನು ಊಹಿಸೋದು ಸುಲಭ. 576 ದಾಖಲೆಗಳಲ್ಲಿ ಕಲಿಸಿ, ಉಳಿದ 192ರಲ್ಲಿ ಪರೀಕ್ಷಿಸಿ ಅವರಿಗೆ ಸಿಕ್ಕಿದ್ದು 76 ಶೇಕಡಾ. 'ಮಧುಮೇಹ ಪತ್ತೆ' ಅಂತ ಟೈಟಲ್ ಕೊಟ್ಟ ಕ್ಷಣದಲ್ಲೇ ಪ್ರಾಜೆಕ್ಟ್ ಬೇರೆ ಪ್ರಶ್ನೆಗೆ ಉತ್ತರ ಬರೆಯೋಕೆ ಶುರು ಮಾಡಿರುತ್ತೆ.

ಇನ್ನೊಂದು ವಿಷಯ. 768ರಲ್ಲಿ 500 ಜನರಿಗೆ 0. ಹಾಗಾಗಿ ಏನೂ ಕಲಿಯದೆ ಎಲ್ಲರಿಗೂ 'ಬರಲ್ಲ' ಅಂತ ಹೇಳುವ ಪ್ರೋಗ್ರಾಮಿಗೂ 65 ಶೇಕಡಾ ಆಕ್ಯುರೆಸಿ ಬರುತ್ತೆ. 75 ಶೇಕಡಾ ಬಂತು ಅಂತ ಖುಷಿಪಡುವ ಮುಂಚೆ ಶುರುವಾಗಿದ್ದು ಸೊನ್ನೆಯಿಂದ ಅಲ್ಲ, 65ರಿಂದ ಅಂತ ನೆನಪಿಡಬೇಕು.

95 ಶೇಕಡಾ ಎಲ್ಲಿಂದ ಬಂತು?

ಮೂಲ ಲೇಖಕರಿಗೆ 76 ಬಂದ ಡೇಟಾದಲ್ಲಿ ಆನ್‌ಲೈನ್ ನೋಟ್‌ಬುಕ್‌ಗಳಲ್ಲಿ 90, 95 ಅಂತ ಕಾಣುತ್ತೆ. ಅಲ್ಗಾರಿದಮ್ ಅಷ್ಟು ಸುಧಾರಿಸಿದೆಯಾ? ಸ್ವಲ್ಪ ಒಳಗೆ ಇಣುಕಿ ನೋಡೋಣ.

ಇನ್ಸುಲಿನ್ ಕಾಲಮ್ಮಿನಲ್ಲಿ 374 ಕಡೆ 0 ಇದೆ. ಚರ್ಮದ ದಪ್ಪದಲ್ಲಿ 227 ಕಡೆ, ರಕ್ತದೊತ್ತಡದಲ್ಲಿ 35 ಕಡೆ, ಬಿಎಂಐನಲ್ಲಿ 11 ಕಡೆ, ಗ್ಲೂಕೋಸ್‌ನಲ್ಲಿ 5 ಕಡೆ 0. ರಕ್ತದೊತ್ತಡ ಸೊನ್ನೆ ಇರುವ ಮನುಷ್ಯ ಪರೀಕ್ಷೆಗೆ ನಡೆದುಕೊಂಡು ಬರಲ್ಲ, ಅಲ್ವಾ? ಇವೆಲ್ಲ ಅಳತೆ ಸಿಗದ ಜಾಗಗಳು, ಖಾಲಿ ಬಿಡುವ ಬದಲು 0 ತುಂಬಿದ್ದಾರೆ. ಇದನ್ನು ಗಮನಿಸುವ ನೋಟ್‌ಬುಕ್‌ಗಳೂ ಇವೆ. ಆದರೆ ಅವುಗಳಲ್ಲಿ ಹಲವು ಹೇಗೆ ತುಂಬುತ್ತವೆ ಗೊತ್ತಾ? ಲೇಬಲ್ 0 ಇದ್ದವರ ಖಾಲಿ ಜಾಗಕ್ಕೆ ಆ ಗುಂಪಿನ ಮೀಡಿಯನ್ 102.5, ಲೇಬಲ್ 1 ಇದ್ದವರಿಗೆ ಆ ಗುಂಪಿನ ಮೀಡಿಯನ್ 169.5.

ಇಲ್ಲೇ ಕಳ್ಳತನ ಆಯ್ತು. ಉತ್ತರ ನೋಡಿಕೊಂಡು ಪ್ರಶ್ನೆಪತ್ರಿಕೆ ತಿದ್ದಿದ ಹಾಗೆ. ಈಗ ಸುಮಾರು ಅರ್ಧ ಡೇಟಾದಲ್ಲಿ ಇನ್ಸುಲಿನ್ 169.5 ಅಂತ ಇದ್ದರೆ ಉತ್ತರ 1, 102.5 ಅಂತ ಇದ್ದರೆ ಉತ್ತರ 0. ಡಿಸಿಷನ್ ಟ್ರೀ ಇದನ್ನು ಎರಡೇ ಹೆಜ್ಜೆಯಲ್ಲಿ ಹಿಡಿಯುತ್ತೆ. ಟೆಸ್ಟ್ ಸೆಟ್‌ನಲ್ಲೂ ಅದೇ ಅಂಕಿ ಇರೋದರಿಂದ ಆಕ್ಯುರೆಸಿ ಆಕಾಶಕ್ಕೆ ಏರುತ್ತೆ. ಆದರೆ ನಾಳೆ ನಿಜವಾದ ರೋಗಿ ಬಂದರೆ? ಅವರ ಇನ್ಸುಲಿನ್ ಅಳತೆ ಇಲ್ಲದಿದ್ದರೆ ಯಾವ ಅಂಕಿ ತುಂಬುತ್ತೀರಿ? ಅದಕ್ಕೆ ಮೊದಲು ಉತ್ತರ ಗೊತ್ತಿರಬೇಕು! ಇದನ್ನೇ ಡೇಟಾ ಲೀಕೇಜ್ ಅನ್ನೋದು. ಪರಿಹಾರ ಸರಳ: ಮೊದಲು ಟ್ರೇನ್-ಟೆಸ್ಟ್ ಬೇರೆ ಮಾಡಿ, ತುಂಬುವ ಅಂಕಿಯನ್ನು ಟ್ರೇನ್ ಭಾಗದಿಂದ ಮಾತ್ರ, ಲೇಬಲ್ ನೋಡದೆ ಲೆಕ್ಕ ಹಾಕಿ. ಆಗ ಆಕ್ಯುರೆಸಿ ಮತ್ತೆ ಎಪ್ಪತ್ತರ ಆಸುಪಾಸಿಗೆ ಇಳಿಯುತ್ತೆ. ಬೇಜಾರಾಗಬೇಡಿ, ಅದೇ ನಿಜ.

ಡೇಟಾದಲ್ಲಿ ಇಲ್ಲದ ವಿಷಯ ಇನ್ನೂ ದೊಡ್ಡದು. 19ನೇ ಶತಮಾನದ ಕೊನೆಯಲ್ಲಿ ಗೀಲಾ ನದಿಯ ನೀರನ್ನು ಮೇಲಿನ ಭಾಗದಲ್ಲಿ ವಲಸಿಗರು ತಿರುಗಿಸಿಕೊಂಡರು. ನದಿಯ ಜನರ ಬೇಸಾಯ ಕುಸಿಯಿತು, ಊಟ ಬದಲಾಯಿತು. 1965ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅವರನ್ನು ದಶಕಗಟ್ಟಲೆ ಅಧ್ಯಯನ ಮಾಡಿತು, ಯಾಕಂದರೆ ಅಲ್ಲಿ ಮಧುಮೇಹ ಅಷ್ಟು ಹೆಚ್ಚಿತ್ತು. ಅದೇ ಮೂಲದ ಪೀಮಾ ಜನ ಮೆಕ್ಸಿಕೋದ ಬೆಟ್ಟಗಳಲ್ಲಿ ಹಳೆಯ ರೀತಿಯಲ್ಲೇ ಮೈಬಗ್ಗಿಸಿ ದುಡಿದು ಬದುಕುತ್ತಿದ್ದರು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅಮೆರಿಕದ ಪೀಮಾ ಜನರಲ್ಲಿ 38 ಶೇಕಡಾ ಮಧುಮೇಹ, ಮೆಕ್ಸಿಕೋದವರಲ್ಲಿ 6.9 ಶೇಕಡಾ. ವಂಶ ಹತ್ತಿರದ್ದು, ಬದುಕು ಬೇರೆ. ನದಿ ಒಣಗಿದ್ದಕ್ಕೆ ಆ ಫೈಲಿನಲ್ಲಿ ಕಾಲಮ್ ಇಲ್ಲ. ಆ 768 ಸಾಲುಗಳು ಬರೀ ಸಾಲುಗಳಲ್ಲ, ಒಂದು ಸಮುದಾಯದ ಕಷ್ಟದಿಂದ ಬಂದ ಅಂಕಿಗಳು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅವರು ಯಾರು ಅಂತ ಒಂದು ಪ್ಯಾರಾ ಬರೆಯೋದು ಕನಿಷ್ಠ ಮರ್ಯಾದೆ.

ಕಂಪ್ಯೂಟರ್ ಬೇಡದ ಮಾಡೆಲ್

ಈಗ ಮೊದಲ ಪ್ರಶ್ನೆಗೆ ಬರೋಣ: ಯಾರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು? ಇದಕ್ಕೆ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನ ಡಾ. ವಿ. ಮೋಹನ್ ಮತ್ತು ತಂಡ 2005ರಲ್ಲಿ ಒಂದು ಸ್ಕೋರ್ ಪ್ರಕಟಿಸಿದರು. ಹೆಸರು ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್. ಚೆನ್ನೈನ ಜನರ ಡೇಟಾದ ಮೇಲೆ ಲಾಜಿಸ್ಟಿಕ್ ರಿಗ್ರೆಷನ್ ಓಡಿಸಿ, ಬಂದ ತೂಕಗಳನ್ನು ಬಾಯಲ್ಲೇ ಕೂಡಿಸುವಂಥ ಅಂಕಗಳನ್ನಾಗಿ ಮಾಡಿದರು. ನಾಲ್ಕೇ ಪ್ರಶ್ನೆ:

- ವಯಸ್ಸು: 35ಕ್ಕಿಂತ ಕಡಿಮೆ ಇದ್ದರೆ 0, 35ರಿಂದ 49 ಇದ್ದರೆ 20, 50 ದಾಟಿದ್ದರೆ 30.
- ಸೊಂಟದ ಸುತ್ತಳತೆ: ಗಂಡಸರಿಗೆ 90 ಸೆಂ.ಮೀ. ಒಳಗಿದ್ದರೆ 0, 90ರಿಂದ 99 ಇದ್ದರೆ 10, 100 ಅಥವಾ ಹೆಚ್ಚಿದ್ದರೆ 20. ಹೆಂಗಸರಿಗೆ 80 ಒಳಗಿದ್ದರೆ 0, 80ರಿಂದ 89 ಇದ್ದರೆ 10, 90 ಅಥವಾ ಹೆಚ್ಚಿದ್ದರೆ 20.
- ಚಟುವಟಿಕೆ: ವ್ಯಾಯಾಮವೂ ಇದೆ, ಕೆಲಸವೂ ಶ್ರಮದ್ದು ಅಂದರೆ 0, ಎರಡರಲ್ಲಿ ಒಂದಿದ್ದರೆ 20, ಎರಡೂ ಇಲ್ಲದಿದ್ದರೆ 30.
- ಕುಟುಂಬ: ಅಪ್ಪ ಅಮ್ಮ ಇಬ್ಬರಿಗೂ ಇಲ್ಲದಿದ್ದರೆ 0, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಒಟ್ಟು 100ಕ್ಕೆ 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು, ರಕ್ತಪರೀಕ್ಷೆ ಮಾಡಿಸಬೇಕು. ಇದೂ ಮೆಷಿನ್ ಲರ್ನಿಂಗೇ. ಜಿಪಿಯು ಬೇಡ, ಕರೆಂಟ್ ಬೇಡ, ಒಂದು ಅಳತೆ ಟೇಪ್ ಸಾಕು. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಫಾರಂ ಕೂಡ ಇದೇ ಜಾತಿಯದು. ಅಲ್ಲೂ ವಯಸ್ಸು, ಸೊಂಟ, ತಂಬಾಕು, ಚಟುವಟಿಕೆ ಎಲ್ಲಕ್ಕೂ ಅಂಕ ಇದೆ.

ಈ ಸ್ಕೋರ್ ಎಷ್ಟು ಒಳ್ಳೆಯದು? ಮೂಲ ಅಧ್ಯಯನದಲ್ಲಿ 60ರ ಗೆರೆಗೆ ಸೆನ್ಸಿಟಿವಿಟಿ 72.5 ಶೇಕಡಾ, ಸ್ಪೆಸಿಫಿಸಿಟಿ 60.1 ಶೇಕಡಾ. ಮೊದಲನೆಯದು ಕಾಯಿಲೆ ಇರುವವರಲ್ಲಿ ಎಷ್ಟು ಜನರನ್ನು ಹಿಡಿಯುತ್ತೆ ಅಂತ. ಎರಡನೆಯದು ಇಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಡುತ್ತೆ ಅಂತ. ಬರೀ ಅಂಕಿ ನೋಡಿದರೆ 'ಅಯ್ಯೋ, ಇಷ್ಟೇನಾ?' ಅನಿಸುತ್ತೆ. ಒಂದು ಊರಿಗೆ ಹಾಕಿ ನೋಡೋಣ.

1000 ವಯಸ್ಕರು ಇದ್ದಾರೆ ಅಂದುಕೊಳ್ಳಿ. 11.4 ಶೇಕಡಾ ಅಂತ ಹಿಡಿದರೆ 114 ಜನರಿಗೆ ಮಧುಮೇಹ. ಅವರಲ್ಲಿ 83 ಜನರನ್ನು ಸ್ಕೋರ್ ಹಿಡಿಯುತ್ತೆ, 31 ಜನ ತಪ್ಪಿಸಿಕೊಳ್ಳುತ್ತಾರೆ. ಕಾಯಿಲೆ ಇಲ್ಲದ 886 ಜನರಲ್ಲಿ ಸುಮಾರು 354 ಜನರನ್ನೂ 'ಪರೀಕ್ಷೆ ಮಾಡಿಸಿ' ಅಂತ ಕಳಿಸುತ್ತೆ. ಒಟ್ಟು 437 ಜನ ಲ್ಯಾಬಿಗೆ ಹೋದರೆ 83 ಜನರಿಗೆ ಕಾಯಿಲೆ ಸಿಗುತ್ತೆ, ಅಂದರೆ ನೂರಕ್ಕೆ 19. ಉಳಿದ 81 ಜನರಿಗೆ ಸುಮ್ಮನೆ ಒಂದು ಸೂಜಿ ಚುಚ್ಚಿದ ಹಾಗಾಯ್ತು.

ಇದರಿಂದ ಎರಡು ಪಾಠ. ಒಂದು, ಯಾವ ಮಾಡೆಲ್ ಆದರೂ 'ನಿಮಗೆ ಕಾಯಿಲೆ ಇದೆ' ಅಂತ ಸ್ಕ್ರೀನ್ ಮೇಲೆ ಕೆಂಪಕ್ಷರದಲ್ಲಿ ತೋರಿಸಬಾರದು. ಈ ಲೆಕ್ಕದಲ್ಲಿ ಹಾಗೆ ಹೆದರಿಸಿದ ಐವರಲ್ಲಿ ನಾಲ್ವರಿಗೆ ಕಾಯಿಲೆಯೇ ಇಲ್ಲ. 'ಪರೀಕ್ಷೆ ಮಾಡಿಸಿ' ಅನ್ನೋದು ಸರಿಯಾದ ವಾಕ್ಯ. ಎರಡು, ಹಾಗಿದ್ದರೂ ಸ್ಕೋರ್ ದಂಡ ಅಲ್ಲ. ಅರ್ಧಕ್ಕಿಂತ ಕಡಿಮೆ ಜನರನ್ನು ಪರೀಕ್ಷಿಸಿ ಸುಮಾರು ಮುಕ್ಕಾಲು ಭಾಗ ರೋಗಿಗಳನ್ನು ಹುಡುಕಿದೆವು. ಕಿಟ್ ಕಡಿಮೆ, ಸಿಬ್ಬಂದಿ ಕಡಿಮೆ ಇರುವ ಕಡೆ ಇದು ದೊಡ್ಡ ಲಾಭ. ಆದರೆ ಆ 31 ಜನರನ್ನು ಮರೆಯಬಾರದು. ಸ್ಕೋರ್ ಕಡಿಮೆ ಬಂತು ಅಂತ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯೋದು ಇವನ್ನೆಲ್ಲ ಕಡೆಗಣಿಸುವ ಹಾಗಿಲ್ಲ.

ಕಣ್ಣಿನ ಫೋಟೋ: ಎಐ ನಿಜವಾಗಿ ಗೆದ್ದ ಜಾಗ

ಎರಡನೇ ಪ್ರಶ್ನೆ ಅಂಗಾಂಗ ಹಾನಿ. ಶುಗರ್ ಹೆಚ್ಚಿದ್ದರೆ ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಸಣ್ಣ ರಕ್ತನಾಳಗಳು ಉಬ್ಬುತ್ತವೆ, ಸೋರುತ್ತವೆ, ಮುಚ್ಚಿಕೊಳ್ಳುತ್ತವೆ. ಇದೇ ಡಯಾಬಿಟಿಕ್ ರೆಟಿನೋಪತಿ. ಮೋಸ ಏನಂದರೆ ಬಹಳ ಮುಂದುವರಿಯುವ ತನಕ ದೃಷ್ಟಿ ಚೆನ್ನಾಗೇ ಇರುತ್ತೆ. ಬೇಗ ಗೊತ್ತಾದರೆ ಲೇಸರ್, ಇಂಜೆಕ್ಷನ್ ಎಲ್ಲ ಇದೆ. ತಡವಾದರೆ ಹೋದ ದೃಷ್ಟಿ ವಾಪಸ್ ತರೋದು ಬಹಳ ಕಷ್ಟ. ಹಾಗಾಗಿ ಮಧುಮೇಹ ಇರುವವರೆಲ್ಲರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು ಅಂತ ವೈದ್ಯರು ಹೇಳುತ್ತಾರೆ. ಹತ್ತು ಕೋಟಿ ಜನ, ಇಪ್ಪತ್ತು ಕೋಟಿ ಕಣ್ಣು. ನೋಡೋಕೆ ಅಷ್ಟು ಕಣ್ಣಿನ ಡಾಕ್ಟರ್ ಎಲ್ಲಿದ್ದಾರೆ?

ಇಲ್ಲಿ ಬೆರಳಿಗೆ ಸೂಜಿ ಚುಚ್ಚಿದರೆ ಉತ್ತರ ಸಿಗಲ್ಲ. ಫೋಟೋ ನೋಡಿ ಹೇಳುವ ಪರಿಣತ ಬೇಕು. ಆ ಪರಿಣತರ ಕೊರತೆಯೇ ಸಮಸ್ಯೆ. ಎಐಗೆ ಹೇಳಿ ಮಾಡಿಸಿದ ಕೆಲಸ ಇದು.

2016ರಲ್ಲಿ ಗೂಗಲ್ ಸಂಶೋಧಕರು ಸುಮಾರು 1,28,000 ರೆಟಿನಾ ಫೋಟೋಗಳಲ್ಲಿ ಒಂದು ನ್ಯೂರಲ್ ನೆಟ್‌ವರ್ಕ್ ಕಲಿಸಿ ಫಲಿತಾಂಶ ಪ್ರಕಟಿಸಿದರು. ಫೋಟೋಗಳು ಬಂದಿದ್ದು ಅಮೆರಿಕದ ಐಪ್ಯಾಕ್ಸ್ ಮತ್ತು ಭಾರತದ ಮೂರು ಕಣ್ಣಿನ ಆಸ್ಪತ್ರೆಗಳಿಂದ: ಅರವಿಂದ್, ಶಂಕರ ನೇತ್ರಾಲಯ ಮತ್ತು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಫೋಟೋಗಳಿಗೆ ಲೇಬಲ್ ಹಾಕಿದ್ದು 54 ವೈದ್ಯರು. ಒಂದೊಂದು ಫೋಟೋವನ್ನು ಕನಿಷ್ಠ ಮೂರು ಜನ ನೋಡಿದ್ದರು, ಯಾಕಂದರೆ ಪರಿಣತರ ನಡುವೆಯೂ ಒಮ್ಮತ ಇರಲ್ಲ. ಒಂದು ಪರೀಕ್ಷಾ ಗುಂಪಿನಲ್ಲಿ ಸೆನ್ಸಿಟಿವಿಟಿ 90.3, ಸ್ಪೆಸಿಫಿಸಿಟಿ 98.1 ಶೇಕಡಾ ಬಂತು. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ 'ಐಡಿಎಕ್ಸ್-ಡಿಆರ್' ಅನ್ನೋ ಇನ್ನೊಂದು ಸಾಧನಕ್ಕೆ ಒಪ್ಪಿಗೆ ಕೊಟ್ಟಿತು. ಕಣ್ಣಿನ ತಜ್ಞರು ನೋಡದೆಯೇ ತಾನೇ ಫಲಿತಾಂಶ ಹೇಳಲು ಅನುಮತಿ ಪಡೆದ ಮೊದಲ ಎಐ ಸಾಧನ ಅದು.

ಪೇಪರ್ ಬಂತು, ಅಂಕಿ ಚೆನ್ನಾಗಿದೆ, ಕಥೆ ಮುಗೀತಾ? ಇಲ್ಲ. ಗೂಗಲ್‌ನದೇ ತಂಡ ಥಾಯ್ಲೆಂಡಿನ 11 ಕ್ಲಿನಿಕ್‌ಗಳಲ್ಲಿ ಇದೇ ತಂತ್ರಜ್ಞಾನವನ್ನು ನರ್ಸ್‌ಗಳ ಕೈಗೆ ಕೊಟ್ಟು ಏನಾಗುತ್ತೆ ಅಂತ ನೋಡಿ 2020ರಲ್ಲಿ ಬರೆಯಿತು. 1838 ಫೋಟೋಗಳಲ್ಲಿ 21 ಶೇಕಡಾ ಫೋಟೋಗಳನ್ನು ಸಿಸ್ಟಂ 'ಗುಣಮಟ್ಟ ಸಾಲದು' ಅಂತ ತಿರಸ್ಕರಿಸಿತು. ಕಾರಣ ನೆಟ್‌ವರ್ಕ್ ಆರ್ಕಿಟೆಕ್ಚರ್ ಅಲ್ಲ, ಕೋಣೆಯ ಲೈಟು! ಕತ್ತಲೆ ಕೋಣೆ ಎಲ್ಲ ಕ್ಲಿನಿಕ್‌ನಲ್ಲೂ ಇರಲಿಲ್ಲ. ಇಂಟರ್ನೆಟ್ ನಿಧಾನವಾದರೆ ಫೋಟೋ ಅಪ್‌ಲೋಡ್ ಆಗೋಕೆ ಸಮಯ ಹಿಡಿದು ಸಾಲು ಬೆಳೆಯಿತು. ಫೋಟೋ ತಿರಸ್ಕೃತವಾದ ರೋಗಿಗೆ ದೂರದ ಆಸ್ಪತ್ರೆಗೆ ಹೋಗಿ ಅಂತ ಹೇಳಬೇಕಾಯ್ತು. ಒಂದು ದಿನದ ಕೂಲಿ ಬಿಟ್ಟು ಹೋಗೋದು ಎಲ್ಲರಿಗೂ ಆಗುತ್ತಾ?

ಈ ಪಾಠಕ್ಕೆ ಉತ್ತರದಂತಿರುವ ಕೆಲಸ ನಮ್ಮೂರಲ್ಲೇ ನಡೆದಿದೆ. ಬೆಂಗಳೂರಿನ ರೆಮಿಡಿಯೋ ಕಂಪನಿ ಸ್ಮಾರ್ಟ್‌ಫೋನ್ ಜೋಡಿಸಿದ ರೆಟಿನಾ ಕ್ಯಾಮೆರಾ ಮಾಡುತ್ತೆ. ಅದರ ಎಐ ಇಂಟರ್ನೆಟ್ ಇಲ್ಲದೆ ಫೋನ್ ಒಳಗೇ ಓಡುತ್ತೆ. ದೊಡ್ಡ ಮಾಡೆಲ್ಲನ್ನು ಚಿಕ್ಕದು ಮಾಡಿ ಫೋನಿಗೆ ತುಂಬೋದು, ಫೋಟೋ ಮಸುಕಾಗಿದ್ದರೆ ರೋಗಿ ಕುರ್ಚಿಯಲ್ಲಿ ಇರುವಾಗಲೇ ಹೇಳೋದು, ಇವೆಲ್ಲ ನಮ್ಮ ಇಸಿ, ಸಿಎಸ್, ಮೆಕ್ಯಾನಿಕಲ್ ಮೂರೂ ಬ್ರಾಂಚ್ ಸೇರಿ ಮಾಡಬೇಕಾದ ಕೆಲಸ.

ಶುಗರ್ ಹತೋಟಿ ಒಂದು ಕಂಟ್ರೋಲ್ ಸಿಸ್ಟಂ

ಮೂರನೇ ಪ್ರಶ್ನೆ ದಿನನಿತ್ಯದ ಹತೋಟಿ. ಟೈಪ್ 1 ಇರುವವರು ಪ್ರತಿ ಊಟಕ್ಕೂ ಇನ್ಸುಲಿನ್ ಎಷ್ಟು ಅಂತ ಲೆಕ್ಕ ಹಾಕಬೇಕು. ಹೆಚ್ಚಾದರೆ ಶುಗರ್ ಕುಸಿಯುತ್ತೆ: 70ಕ್ಕಿಂತ ಕೆಳಗೆ ಕಡಿಮೆ, 54ಕ್ಕಿಂತ ಕೆಳಗೆ ಗಂಭೀರ. ನಡುಕ, ಗೊಂದಲ, ಪ್ರಜ್ಞೆ ತಪ್ಪೋದು, ರಾತ್ರಿ ನಿದ್ದೆಯಲ್ಲಿ ಆದರೆ ಜೀವಕ್ಕೇ ಅಪಾಯ.

ಈಗ ತೋಳಿಗೋ ಹೊಟ್ಟೆಗೋ ಅಂಟಿಸುವ ಸೆನ್ಸರ್ ಇದೆ. ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಅಳತೆ ಅಂದರೆ ದಿನಕ್ಕೆ 288 ಅಂಕಿ. ಇನ್ನೊಂದು ಕಡೆ ಇನ್ಸುಲಿನ್ ಪಂಪ್. ನಡುವೆ ಒಂದು ಅಲ್ಗಾರಿದಮ್ ಇಟ್ಟರೆ ಲೂಪ್ ಮುಚ್ಚಿತು. ಸೆನ್ಸರ್, ಕಂಟ್ರೋಲರ್, ಆಕ್ಚುಯೇಟರ್, ಪ್ಲಾಂಟ್. ಇಲ್ಲಿ ಪ್ಲಾಂಟ್ ಅಂದರೆ ಮನುಷ್ಯ.

ಆದರೆ ಈ ಲೂಪ್ ಬಹಳ ಹಠಮಾರಿ. ಸೆನ್ಸರ್ ಅಳೆಯೋದು ರಕ್ತವನ್ನಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ದ್ರವವನ್ನು. ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತೆ. ಚುಚ್ಚಿದ ಇನ್ಸುಲಿನ್ ಕೆಲಸ ಶುರು ಮಾಡೋಕೆ ಸುಮಾರು ಕಾಲು ಗಂಟೆ, ಪೂರ್ತಿ ಮುಗಿಸೋಕೆ ಮೂರ್ನಾಲ್ಕು ಗಂಟೆ. ಎಲ್ಲಕ್ಕಿಂತ ಮುಖ್ಯ, ಆಕ್ಚುಯೇಟರ್ ಒಂದೇ ದಿಕ್ಕಿನದು. ಇನ್ಸುಲಿನ್ ಒಳಗೆ ಹಾಕಬಹುದು, ಹಾಕಿದ್ದನ್ನು ವಾಪಸ್ ತೆಗೆಯೋಕೆ ಆಗಲ್ಲ. ಬ್ರೇಕ್ ಇಲ್ಲದ ಗಾಡಿಯಲ್ಲಿ ಬರೀ ಆಕ್ಸಿಲರೇಟರ್ ಹಿಡಿದು ಇಳಿಜಾರಿನಲ್ಲಿ ಹೋದ ಹಾಗೆ. ಶುಗರ್ ಇನ್ನೂ ಇಳಿದಿಲ್ಲ ಅಂತ ಮತ್ತೆ ಮತ್ತೆ ಇನ್ಸುಲಿನ್ ಕೊಟ್ಟರೆ ಎಲ್ಲವೂ ಒಟ್ಟಿಗೆ ಕೆಲಸ ಶುರು ಮಾಡಿ ಶುಗರ್ ನೆಲಕ್ಕೆ ಬೀಳುತ್ತೆ. ಪಿಐಡಿಯಲ್ಲಿ ಇಂಟಿಗ್ರಲ್ ವೈಂಡಪ್ ಅಂತ ಓದುತ್ತೀವಲ್ಲ, ಅದರ ಅಣ್ಣ ಇದು. ಅದಕ್ಕೇ ಈ ಕಂಟ್ರೋಲರ್‌ಗಳು ದೇಹದಲ್ಲಿ ಇನ್ನೂ ಎಷ್ಟು ಇನ್ಸುಲಿನ್ ಬಾಕಿ ಇದೆ ಅಂತ ಸದಾ ಲೆಕ್ಕ ಇಡುತ್ತವೆ.

2016ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಮೆಡ್‌ಟ್ರಾನಿಕ್‌ನ ಮಿನಿಮೆಡ್ 670ಜಿಗೆ ಒಪ್ಪಿಗೆ ಕೊಟ್ಟಿತು. ಈ ಬಗೆಯ ಮೊದಲ ಹೈಬ್ರಿಡ್ ಸಿಸ್ಟಂ ಅದು. ಹೈಬ್ರಿಡ್ ಯಾಕಂದರೆ ಊಟದ ಸುದ್ದಿಯನ್ನು ಮನುಷ್ಯನೇ ಹೇಳಬೇಕು. ಅದರ ಹೃದಯದಲ್ಲಿ ಇರೋದು ಪಿಐಡಿ ಜಾತಿಯ ಕಂಟ್ರೋಲರ್, ಡೀಪ್ ಲರ್ನಿಂಗ್ ಅಲ್ಲ. ಅದಕ್ಕೂ ಮುಂಚೆ, 2015ರಲ್ಲೇ, ಟೈಪ್ 1 ಇರುವ ಡಾನಾ ಲೂಯಿಸ್ ಮತ್ತು ಜೊತೆಗಾರರು ತಾವೇ ಕಟ್ಟಿಕೊಂಡ ಸಿಸ್ಟಂನ ವಿನ್ಯಾಸವನ್ನು 'ಓಪನ್‌ಎಪಿಎಸ್' ಹೆಸರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದೂ ಓದಿದರೆ ಅರ್ಥವಾಗುವ ನಿಯಮಗಳ ಮೇಲೆ ನಿಂತಿದೆ. ತಪ್ಪಿದರೆ ಜೀವ ಹೋಗುವ ಕಡೆ 'ಯಾಕೆ ಹೀಗೆ ಮಾಡಿದೆ?' ಅಂತ ಕೇಳಿದರೆ ಉತ್ತರ ಹೇಳುವ ಅಲ್ಗಾರಿದಮ್ ಬೇಕು.

ಮುಂದಿನ ಅರ್ಧ ಗಂಟೆಯ ಶುಗರ್ ಊಹಿಸೋಕೆ ನ್ಯೂರಲ್ ನೆಟ್‌ವರ್ಕ್ ಬಳಸುವ ಪ್ರಾಜೆಕ್ಟ್‌ಗಳೂ ಬರುತ್ತಿವೆ. ಅಲ್ಲಿ ಒಂದು ಎಚ್ಚರಿಕೆ. ನಿಜವಾದ ಶುಗರ್ 250 ಇದ್ದಾಗ ಮಾಡೆಲ್ 205 ಅಂದರೆ ತಪ್ಪು 45. ನಿಜ 60 ಇದ್ದಾಗ 105 ಅಂದರೂ ತಪ್ಪು 45. ಆರ್‌ಎಂಎಸ್‌ಇಗೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ 'ಹೆಚ್ಚಿದೆ' ಅನ್ನೋ ತೀರ್ಮಾನ ಬದಲಾಗಲ್ಲ. ಎರಡನೆಯದರಲ್ಲಿ ಕುಸಿಯುತ್ತಿರುವ ಮನುಷ್ಯನಿಗೆ 'ನೀನು ಚೆನ್ನಾಗಿದ್ದೀಯ' ಅಂತ ಹೇಳಿದ ಹಾಗೆ. ಇದಕ್ಕಾಗಿಯೇ 1987ರಲ್ಲಿ ಕ್ಲಾರ್ಕ್ ಮತ್ತು ಸಂಗಡಿಗರು ಎರರ್ ಗ್ರಿಡ್ ಅಂತ ಮಾಡಿದರು. ತಪ್ಪನ್ನು ಅದರ ಗಾತ್ರದಿಂದ ಅಲ್ಲ, ಅದರಿಂದ ರೋಗಿಗೆ ಆಗುವ ಪರಿಣಾಮದಿಂದ ಎ ಯಿಂದ ಇ ವರೆಗೆ ವಲಯಗಳಾಗಿ ವಿಂಗಡಿಸುತ್ತೆ. ಮೇಲಿನ ಮೊದಲ ತಪ್ಪು ಎ ವಲಯ, ಎರಡನೆಯದು ಡಿ. ನಿಮ್ಮ ರಿಪೋರ್ಟಿನಲ್ಲಿ ಈ ಗ್ರಾಫ್ ಒಂದು ಇದ್ದರೆ ಹತ್ತು ಪಿಪಿಟಿ ಸ್ಲೈಡಿಗೆ ಸಮ.

ಟೈಪ್ 2 ಇರುವ ಹೆಚ್ಚಿನವರಿಗೆ ಪಂಪ್ ಬೇಡ. ಅವರಿಗೆ ಬೇಕಾಗಿರೋದು ಊಟ, ನಡಿಗೆ, ಮಾತ್ರೆ, ಇವುಗಳ ನೆನಪು ಮತ್ತು ಲೆಕ್ಕ. ಊಟದ ಫೋಟೋ ತೆಗೆದರೆ ಕಾರ್ಬೋಹೈಡ್ರೇಟ್ ಹೇಳುವ ಆ್ಯಪ್‌ಗಳಿವೆ. ಆದರೆ ಮೇಲಿನಿಂದ ತೆಗೆದ ಫೋಟೋದಲ್ಲಿ ಮುದ್ದೆ 150 ಗ್ರಾಂ ಇದೆಯೋ 300 ಇದೆಯೋ ಅಂತ ಕ್ಯಾಮೆರಾಗೆ ಹೇಗೆ ಗೊತ್ತಾಗಬೇಕು? ಸಾರಿಗೆ ಹಾಕಿದ ಬೆಲ್ಲ ಫೋಟೋದಲ್ಲಿ ಕಾಣುತ್ತಾ? ಚಾಟ್‌ಬಾಟ್ ಹೇಳಿತು ಅಂತ ಮಾತ್ರೆ ಅಥವಾ ಇನ್ಸುಲಿನ್ ಬದಲಿಸೋದಂತೂ ಬೇಡವೇ ಬೇಡ. ಆ ತೀರ್ಮಾನ ಡಾಕ್ಟರದು.

ಟೈಟಲ್ ಕೊಡುವ ಮುಂಚೆ

ಇಷ್ಟು ಓದಿ 'ಹಾಗಾದರೆ ಈ ಪ್ರಾಜೆಕ್ಟ್ ಮಾಡಲೇಬಾರದಾ?' ಅನಿಸಿದರೆ, ಖಂಡಿತ ಮಾಡಿ. ಆದರೆ ಮೊದಲು ಟೀಮಿನಲ್ಲಿ ಕೂತು ಈ ಐದು ಪ್ರಶ್ನೆ ಕೇಳಿಕೊಳ್ಳಿ:

1. ನಮ್ಮ ಲೇಬಲ್ ನಿಜವಾಗಿ ಏನು ಹೇಳುತ್ತೆ? ಈಗ ಇರುವ ಕಾಯಿಲೆಯೋ, ಮುಂದೆ ಬರುವುದೋ?
2. ಈ ಡೇಟಾ ಯಾರದು? ನಾವು ಬಳಸಬೇಕು ಅಂದುಕೊಂಡಿರುವ ಜನ ಅವರ ಹಾಗೇ ಇದ್ದಾರಾ?
3. ಏನೂ ಕಲಿಯದ ಮಾಡೆಲ್ಲಿಗೆ ಎಷ್ಟು ಬರುತ್ತೆ? ಲಾಜಿಸ್ಟಿಕ್ ರಿಗ್ರೆಷನ್‌ಗೆ ಎಷ್ಟು?
4. 1000 ಜನರ ಮೇಲೆ ಓಡಿಸಿದರೆ ಎಷ್ಟು ಜನ ತಪ್ಪಿಸಿಕೊಳ್ಳುತ್ತಾರೆ, ಎಷ್ಟು ಜನ ಸುಮ್ಮನೆ ಹೆದರುತ್ತಾರೆ?
5. ಮಾಡೆಲ್ ಉತ್ತರ ಕೊಟ್ಟಮೇಲೆ ಆ ಮನುಷ್ಯ ಏನು ಮಾಡಬೇಕು? ಅದಕ್ಕೆ ಅವರ ಹತ್ತಿರ ಸಮಯ, ಬಸ್ಸು, ದುಡ್ಡು ಇದೆಯಾ?

ಐದನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮೊದಲ ನಾಲ್ಕು ಸರಿಯಿದ್ದೂ ಪ್ರಯೋಜನ ಇಲ್ಲ.

ಕೊನೆಯದಾಗಿ ಒಂದು ಹೋಂವರ್ಕ್, ಮಾರ್ಕ್ಸ್ ಇಲ್ಲ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಟೇಪ್ ಹಿಡಿದು ಮನೆಯವರಿಗೆಲ್ಲ ಮೇಲಿನ ಸ್ಕೋರ್ ಲೆಕ್ಕ ಹಾಕಿ. 52 ವರ್ಷದ ಅಪ್ಪ, ಸೊಂಟ 94, ಕೂತು ಮಾಡುವ ಕೆಲಸ, ನಡಿಗೆ ಇಲ್ಲ, ಅಜ್ಜಿಗೆ ಶುಗರ್ ಇತ್ತು: 30, 10, 30, 10, ಒಟ್ಟು 80. ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿಯುವ ಮುಂಚೆ ಅವರನ್ನು ಲ್ಯಾಬಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕರೆದುಕೊಂಡು ಹೋಗಿ. ಈಗಾಗಲೇ ಶುಗರ್ ಇರುವವರಾದರೆ ಕೇಳಬೇಕಾದ್ದು ಒಂದೇ: 'ಕಣ್ಣಿನ ಹಿಂಭಾಗ ತೋರಿಸಿ ಎಷ್ಟು ವರ್ಷ ಆಯ್ತು?'

ಹಾಗೇ ನಿಮ್ಮದೂ ಒಮ್ಮೆ ಕೂಡಿಸಿ ನೋಡಿ. ಫೈನಲ್ ಇಯರ್, ಅಪ್ಪನಿಗೆ ಶುಗರ್, ದಿನವಿಡೀ ಲ್ಯಾಪ್‌ಟಾಪ್ ಮುಂದೆ, ಆಟ ಇಲ್ಲ ಓಟ ಇಲ್ಲ ಅಂದರೆ ಈಗಲೇ 40 ಆಯ್ತು. ವಯಸ್ಸಿನ ಅಂಕ ತಾನಾಗಿಯೇ ಸೇರುತ್ತೆ, ಅಪ್ಪ ಅಮ್ಮನನ್ನು ಬದಲಿಸೋಕೆ ಆಗಲ್ಲ. ನಮ್ಮ ಕೈಯಲ್ಲಿ ಇರೋದು ಸೊಂಟದ ಅಳತೆ ಮತ್ತು ಆ 30 ಅಂಕ. ಸಂಜೆ ಗ್ರೌಂಡಿಗೆ ಬನ್ನಿ, ಅಲ್ಲೇ ಸಿಗೋಣ.